ಎಸ್‌ಎಫ್-86 ಮತ್ತು ಕ್ಲಿಯರೆನ್ಸ್ ಇಂಟರ್‌ವ್ಯೂ: ಊರಲ್ಲಿ ಮನೆ-ಮಂದಿ ಇರುವವರಿಗೊಂದು ವಿಮರ್ಶೆ

ಸೇವೆ ಎಂದು ನೋಡಿದರೆ ಅಮೆರಿಕದ ಸೆಕ್ಯುರಿಟಿ ಕ್ಲಿಯರೆನ್ಸ್‌ನಷ್ಟು, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡಲು ತನಿಖೆ ಮಾಡಿ ಕೊಡುವ ಅನುಮತಿಯಷ್ಟು, ವಿಚಿತ್ರವಾದ ಸರ್ಕಾರಿ ಸೇವೆ ಇನ್ನೊಂದು ಸಿಗುವುದು ಕಷ್ಟ. ಒಂದು ಪೈಸೆ ಕೇಳುವುದಿಲ್ಲ. ಆದರೆ ನಾವಾಗಿಯೇ ಹೋಗಿ ಅರ್ಜಿ ಹಾಕಲು ಬಿಡುವುದೂ ಇಲ್ಲ. ಸರ್ಕಾರದ ಇಲಾಖೆಯೋ, ಕ್ಲಿಯರೆನ್ಸ್ ಇರುವ ಗುತ್ತಿಗೆ ಕಂಪನಿಯೋ ಸ್ಪಾನ್ಸರ್ ಮಾಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಅಮೆರಿಕದ ಪೌರತ್ವ ಬೇಕೇ ಬೇಕು, ಗ್ರೀನ್ ಕಾರ್ಡ್ ಸಾಲದು. ದುಡ್ಡು ಕೊಟ್ಟರೆ ಕ್ಲಿಯರೆನ್ಸ್ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟ್ ಸಿಕ್ಕರೆ ದೂರದಿಂದಲೇ ಕೈಮುಗಿಯಿರಿ.

ಈ ವಿಮರ್ಶೆ ಅಲ್ಲಿ ಪೌರತ್ವ ಪಡೆದು, ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸಕ್ಕೆ ಆಫರ್ ಬಂದಿರುವ, ಅಪ್ಪ-ಅಮ್ಮ ಇನ್ನೂ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಕನ್ನಡಿಗರಿಗಾಗಿ. ಅಂಥವರು ಇಂಟರ್‌ವ್ಯೂಗೆ ಹೆದರುತ್ತಾರೆ, ಫಾರ್ಮನ್ನು ಶನಿವಾರ ಒಂದು ಮಧ್ಯಾಹ್ನದಲ್ಲಿ ಮುಗಿಸಲು ಕೂರುತ್ತಾರೆ. ಆಗಬೇಕಾದ್ದು ತಿರುಗಾಮುರುಗಾ. ಐದಕ್ಕೆ ಅಂಕ ಕೊಡುವುದಾದರೆ ಫಾರ್ಮಿಗೆ ಎರಡು, ಇಂಟರ್‌ವ್ಯೂಗೆ ನಾಲ್ಕು, ಆಮೇಲಿನ ಕಾಯುವಿಕೆಗೆ ಒಂದು.

ಫಾರ್ಮಿನ ಹೆಸರು ಎಸ್‌ಎಫ್-86. ಒಟ್ಟು 29 ಸೆಕ್ಷನ್, ಖಾಲಿ ಪಿಡಿಎಫ್ ಇಳಿಸಿಕೊಂಡರೆ 136 ಪುಟ. ಈಗ ತುಂಬುವುದು ಇ-ಆ್ಯಪ್ ಎಂಬ ವೆಬ್‌ಸೈಟಿನಲ್ಲಿ. 2023ರಲ್ಲಿ ಇದು ಹಳೆಯ ಇ-ಕ್ವಿಪ್‌ನ ಜಾಗಕ್ಕೆ ಬಂತು. ನೋಡಲು ವಾಸಿ, ಬಿಟ್ಟುಹೋದದ್ದನ್ನು ಕೆಂಪು ಗುರುತು ಹಾಕಿ ತೋರಿಸುತ್ತದೆ. ಆದರೆ ಖಾಲಿ ಜಾಗವನ್ನು ಹಿಡಿಯುತ್ತದೆಯೇ ಹೊರತು ತಪ್ಪು ಉತ್ತರವನ್ನಲ್ಲ. ಮೊದಲು ಖಾಲಿ ಪಿಡಿಎಫ್ ಮೇಲೆ ಪೆನ್ನಿನಲ್ಲಿ ತುಂಬಿ, ಊರಿಗೆ ಫೋನ್ ಮಾಡಿ ಕೇಳಬೇಕಾದ್ದನ್ನೆಲ್ಲ ಕೇಳಿ, ಆಮೇಲೆ ಇ-ಆ್ಯಪ್ ತೆರೆಯುವುದು ಸರಿಯಾದ ಕ್ರಮ. ತುಂಬಲು ಕೊಡುವ ಗಡುವು ಚಿಕ್ಕದು. ದಾಖಲೆ ಹುಡುಕುವ ಕೆಲಸವನ್ನು ಲಾಗಿನ್ ಬರುವ ಮೊದಲೇ ಶುರುಮಾಡಿದವರಿಗೆ ಮಾತ್ರ ಅದು ಸಾಲುತ್ತದೆ.

ಎಡವುವ ಮೊದಲ ಜಾಗ ಕಾಲಾವಧಿ. ಈ ಫಾರ್ಮಿನಲ್ಲಿ ಮೂರು ಗಡಿಯಾರ ಓಡುತ್ತವೆ. ವಾಸದ ವಿಳಾಸ, ಓದು, ಉದ್ಯೋಗಕ್ಕೆ 10 ವರ್ಷ. ವಿದೇಶ ಪ್ರಯಾಣ, ಮಾದಕ ವಸ್ತು, ಸಾಲ-ತೆರಿಗೆಯ ಬಹುಪಾಲು ಪ್ರಶ್ನೆಗಳಿಗೆ 7 ವರ್ಷ. ವಿದೇಶದ ಆಸ್ತಿ, ವಿದೇಶಿ ಪಾಸ್‌ಪೋರ್ಟ್, ಬೇರೆ ದೇಶದ ಚುನಾವಣೆಯಲ್ಲಿ ಮತ, ಇವಕ್ಕೆ 'ಯಾವತ್ತಾದರೂ'. ಈ ಮೂರನೆಯ ಗಡಿಯಾರವೇ ನಮ್ಮವರನ್ನು ಹಿಡಿಯುವುದು. ಪೌರತ್ವ ಬದಲಾಗುವ ಎಷ್ಟೋ ವರ್ಷ ಮೊದಲು ಕರ್ನಾಟಕ ವಿಧಾನಸಭೆಗೆ ಮತ ಹಾಕಿದ್ದರೂ ಉತ್ತರ 'ಹೌದು'. ಆಗ ಭಾರತದ ಪ್ರಜೆಯಾಗಿದ್ದೆ ಎಂದು ಕೆಳಗೆ ಒಂದು ಸಾಲು ಬರೆದರೆ ಸಾಕು, ಅದರಲ್ಲಿ ತಪ್ಪೇನೂ ಇಲ್ಲ. 'ಇಲ್ಲ' ಎಂದು ಬರೆದು ಇಂಟರ್‌ವ್ಯೂನಲ್ಲಿ 'ಹೌದು' ಎಂದರೆ ಮಾತ್ರ ಏನೂ ಅಲ್ಲದ್ದು ದೊಡ್ಡದಾಗುತ್ತದೆ.

ಸೆಕ್ಷನ್ 10ರಲ್ಲಿ ಹಳೆಯ ಭಾರತೀಯ ಪಾಸ್‌ಪೋರ್ಟಿನ ಸಂಖ್ಯೆ, ಕೊಟ್ಟ ಊರು, ದಿನಾಂಕ ಎಲ್ಲ ಬೇಕು. ಪೌರತ್ವ ಬಂದ ಮೇಲೆ ಅದನ್ನು ಸರೆಂಡರ್ ಮಾಡಿರುತ್ತೀರಿ. ರದ್ದು ಮುದ್ರೆ ಒತ್ತಿ ಹಿಂದಿರುಗಿಸಿದ ಪುಸ್ತಕ ಯಾವ ಸೂಟ್‌ಕೇಸಿನಲ್ಲಿದೆಯೋ ಹುಡುಕಿ. ಓಸಿಐ, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ಕಾರ್ಡ್ ಬಗ್ಗೆ ಎಲ್ಲರಿಗೂ ಗೊಂದಲ. ಹೆಸರಿನಲ್ಲಿ 'ಸಿಟಿಜನ್' ಎಂದಿದ್ದರೂ ಭಾರತದ ಕಾನೂನಿನಲ್ಲಿ ಅದು ಪೌರತ್ವವಲ್ಲ. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಹಾಗಾಗಿ ಭಾರತದ ಪೌರತ್ವ ಈಗಲೂ ಇದೆ ಎಂದು ಬರೆಯುವುದು ತಪ್ಪು. ಕಾರ್ಡಿನ ಸುದ್ದಿಯನ್ನೇ ಎತ್ತದಿರುವುದೂ ಜಾಣತನವಲ್ಲ. ಕಾಮೆಂಟ್ ಜಾಗದಲ್ಲಿ ಕಾರ್ಡ್ ಇದೆ, ಅದು ದೀರ್ಘಾವಧಿ ವೀಸಾದಂಥದ್ದು, ಮತದಾನದ ಹಕ್ಕಿಲ್ಲ ಎಂದು ಬರೆದು, ಕಂಪನಿಯ ಎಫ್‌ಎಸ್‌ಒ, ಅಂದರೆ ಫೆಸಿಲಿಟಿ ಸೆಕ್ಯುರಿಟಿ ಆಫೀಸರ್, ಅವರಿಗೂ ತೋರಿಸಿ.

ಇನ್ನು ಹೆಸರು. ಈ ಫಾರ್ಮ್ ಬರೆದವರಿಗೆ ಇನಿಷಿಯಲ್ ಎಂದರೇನೆಂದು ಗೊತ್ತಿಲ್ಲ. ಕೆ.ಆರ್. ಎಂದರೆ ಊರಿನ ಹೆಸರು ಮತ್ತು ಅಪ್ಪನ ಹೆಸರು, ಅದು ಪಾಸ್‌ಪೋರ್ಟಿಗಾಗಿ ಒಮ್ಮೆ ಬಿಡಿಸಿಕೊಂಡಿದೆ, ಪದವಿ ಸರ್ಟಿಫಿಕೇಟಿನಲ್ಲಿ ಹಾಗೇ ಇದೆ, ಮದುವೆಯಾದ ಮೇಲೆ ಇನ್ನೊಂದು ಬಂದಿದೆ. ಇವೆಲ್ಲ ಸೆಕ್ಷನ್ 5ಕ್ಕೆ, ಬಳಸಿದ ಇತರ ಹೆಸರುಗಳ ಪಟ್ಟಿಗೆ. ಒಂದೇ ಹೆಸರಿದ್ದು ವೀಸಾದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಮುದ್ರಿಸಿಕೊಂಡು ಬಂದವರು ಅದನ್ನೂ ಸೇರಿಸಿ. ಹುಟ್ಟಿದ ದಿನವೂ ಅಷ್ಟೇ: ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖೇ ಎಸ್‌ಎಸ್‌ಎಲ್‌ಸಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ಪೌರತ್ವ ಪತ್ರಕ್ಕೆ ಬಂದಿರುತ್ತದೆ. ಅಧಿಕೃತ ದಾಖಲೆಯಲ್ಲಿರುವುದನ್ನೇ ಬರೆದು, ಜನನ ಪ್ರಮಾಣಪತ್ರದಲ್ಲಿ ಬೇರೆ ಇದ್ದರೆ ಕಾರಣ ಕೊಡಿ. ಅಮ್ಮ ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ 'ಅಂದಾಜು' ಎಂಬ ಚೌಕಕ್ಕೆ ಗುರುತು ಹಾಕಬಹುದು. ಆ ಚೌಕ ಫಾರ್ಮಿನ ಬಹಳ ಕಡೆ ಇದೆ, ಸಂಕೋಚವಿಲ್ಲದೆ ಬಳಸಿ.

ನಿಜವಾದ ಕೆಲಸ ಇರುವುದು ಸೆಕ್ಷನ್ 18, 19, 20ರಲ್ಲಿ.

18ರಲ್ಲಿ ಬಂಧುಗಳು: ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು, ಅತ್ತೆ-ಮಾವ, ಮಲತಾಯಿ-ಮಲತಂದೆ ಇದ್ದರೆ ಅವರು. ತೀರಿಕೊಂಡವರೂ ಸೇರುತ್ತಾರೆ. ಚಿಕ್ಕಪ್ಪ, ಸೋದರಮಾವ, ಅವರ ಮಕ್ಕಳು ಇಲ್ಲಿಗೆ ಬರುವುದಿಲ್ಲ. ಅವರೊಡನೆ ಕಳೆದ 7 ವರ್ಷಗಳಲ್ಲಿ ಆಪ್ತ ಅಥವಾ ನಿರಂತರ ಸಂಪರ್ಕವಿದ್ದು, ಪ್ರೀತಿ, ಪ್ರಭಾವ, ಋಣ, ಸಮಾನ ಹಿತಾಸಕ್ತಿ ಯಾವುದಾದರೂ ಒಂದು ಕಟ್ಟಿಹಾಕಿದ್ದರೆ 19ಕ್ಕೆ ಹೋಗುತ್ತಾರೆ. ದೀಪಾವಳಿಗೆ ಶುಭಾಶಯ ಫಾರ್ವರ್ಡ್ ಮಾಡುವ ನೂರು ಜನರ ಫ್ಯಾಮಿಲಿ ಗ್ರೂಪನ್ನು ಇಡಿಯಾಗಿ ಬರೆಯಬೇಕಿಲ್ಲ. ತಿಂಗಳಿಗೊಮ್ಮೆಯಾದರೂ ಫೋನ್ ಹಚ್ಚಿ ಮಾತಾಡುವ ಸೋದರತ್ತೆಯನ್ನು ಬಿಡುವಂತಿಲ್ಲ.

ಬೆಂಗಳೂರಿನ ಮನೆಗಳಿಗೆ ವಿಶೇಷವಾಗಿ ಕುಟುಕುವ ಒಂದು ಕಾಲಂ ಇದೆ: ಈ ವ್ಯಕ್ತಿಗೆ ವಿದೇಶಿ ಸರ್ಕಾರ, ಸೇನೆ, ಭದ್ರತಾ ಅಥವಾ ಗುಪ್ತಚರ ಸಂಸ್ಥೆಯ ನಂಟು ಇದೆಯೇ? ಅಲ್ಲಿಯ ಸಂಸಾರಗಳಲ್ಲಿ ಒಬ್ಬರಾದರೂ ಎಚ್‌ಎಎಲ್, ಬಿಇಎಲ್, ಇಸ್ರೋ, ಡಿಆರ್‌ಡಿಒ ಎಂದಿರುವುದು ಸಾಮಾನ್ಯ. ಅರ್ಜಿದಾರರು ಮಾವನ ಬಗ್ಗೆ 'ನಿವೃತ್ತ' ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ, ಏಕೆಂದರೆ ಈಗ ಮಾವ ಮಾಡುವುದು ಬೆಳಗಿನ ವಾಕಿಂಗ್ ಮಾತ್ರ. ಇಂಟರ್‌ವ್ಯೂನಲ್ಲಿ 'ಎಲ್ಲಿಂದ ನಿವೃತ್ತಿ?' ಎಂದು ಕೇಳುತ್ತಾರೆ, ಎಚ್‌ಎಎಲ್ ಎಂಬ ಉತ್ತರ ಬರುತ್ತದೆ, ಅದು ರಕ್ಷಣಾ ಸಚಿವಾಲಯದ ಉದ್ದಿಮೆ. ಫಾರ್ಮಿನಲ್ಲೇ ಇಂಥ ಸಂಸ್ಥೆ, ಇಂಥ ಹುದ್ದೆ, ಇಂಥ ವರ್ಷ ನಿವೃತ್ತಿ, ಈಗ ಪಿಂಚಣಿಯೋ ಭವಿಷ್ಯನಿಧಿಯೋ, ನನ್ನ ಕೆಲಸದ ಸ್ವರೂಪ ಅವರಿಗೆ ಗೊತ್ತಿಲ್ಲ ಎಂದು ನಾಲ್ಕು ಸಾಲು ಬರೆದವರಿಗೆ ಆ ಪ್ರಶ್ನೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಬೆಸ್ಕಾಂ, ಕೆಎಸ್‌ಆರ್‌ಟಿಸಿ, ಸರ್ಕಾರಿ ಶಾಲೆಯ ಮೇಷ್ಟ್ರು, ಗ್ರಾಮ ಪಂಚಾಯಿತಿ ಸದಸ್ಯೆಯಾದ ಅತ್ತಿಗೆ, ಇವೂ ಸರ್ಕಾರವೇ. ಸಣ್ಣದೆಂದು ಬಿಡಬೇಡಿ. ಅದು ಎಷ್ಟು ಸಣ್ಣದು ಎಂದು ತೀರ್ಮಾನಿಸುವುದು ಅವರ ಕೆಲಸ.

ಸೆಕ್ಷನ್ 20 ಆಸ್ತಿಪಾಸ್ತಿಯದು. ಎನ್‌ಆರ್‌ಒ ಖಾತೆ, ಎನ್‌ಆರ್‌ಇ ಠೇವಣಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಟ್ಟಿದ ಎಲ್‌ಐಸಿ ಪಾಲಿಸಿ, ಪಿಪಿಎಫ್, ಮರೆತುಹೋದ ಮ್ಯೂಚುವಲ್ ಫಂಡ್, ಲೇಔಟಿನಲ್ಲಿ ಕೊಂಡ ಸೈಟು, ನಿಮ್ಮ ಪರವಾಗಿ ಜಿಪಿಎ (ಅಧಿಕಾರ ಪತ್ರ) ಹಿಡಿದು ತಮ್ಮ ನೋಡಿಕೊಳ್ಳುತ್ತಿರುವ ಫ್ಲ್ಯಾಟು, ಎಲ್ಲವೂ. ಪಿತ್ರಾರ್ಜಿತ ಜಮೀನು ಇನ್ನೂ ಸೂಕ್ಷ್ಮ. 'ಅದೆಲ್ಲ ಅಣ್ಣನದು' ಎನ್ನುವ ಹೆಣ್ಣುಮಕ್ಕಳು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯನ್ನು ನೆನಪಿಸಿಕೊಳ್ಳಬೇಕು. ಬಾಯಲ್ಲಿ ಬಿಟ್ಟುಕೊಟ್ಟದ್ದು ಕಾಗದದಲ್ಲಿ ಬಿಟ್ಟುಕೊಟ್ಟಂತಲ್ಲ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ನಿಮ್ಮ ಹೆಸರೂ ಪಹಣಿಗೆ ಏರಿರಬಹುದು. ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿ ನೋಡಿಕೊಳ್ಳಿ, ಐದು ನಿಮಿಷದ ಕೆಲಸ. ಬೆಲೆ ಎಷ್ಟು ಬರೆಯಬೇಕು ಎಂದರೆ ಮಾರುಕಟ್ಟೆಯ ಅಂದಾಜು ಬರೆದು, ಯಾವ ಆಧಾರದ ಮೇಲೆ ಎಂದೂ ಸೂಚಿಸಿ. ಮಾರ್ಗಸೂಚಿ ದರವನ್ನೇ ಬೆಲೆ ಎಂದು ಬರೆದವರು ಮುಂದೆ ಮಾರಾಟ ಮಾಡಿದಾಗ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ.

ಇದೇ ಜಾಗದಲ್ಲಿ ತೆರಿಗೆಯ ಹಾವೂ ಅಡಗಿದೆ. ಅಮೆರಿಕದ ಹೊರಗಿನ ಖಾತೆಗಳ ಮೊತ್ತ ಎಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಿರಬೇಕು. ಖಾತೆ ಇದೆ ಎಂದು ಎಸ್‌ಎಫ್-86ರಲ್ಲಿ ಸತ್ಯ ಹೇಳಿ, ಎಫ್‌ಬಾರ್ ಸಲ್ಲಿಸಿಲ್ಲದಿದ್ದರೆ, ವಿದೇಶಿ ಪ್ರಭಾವದ ಪ್ರಶ್ನೆ ಹಣಕಾಸಿನ ಪ್ರಶ್ನೆಯಾಗಿ ಹೊರಳುತ್ತದೆ. ಅದು ಹೆಚ್ಚು ಕೆಟ್ಟದ್ದು. ಫಾರ್ಮಿಗೆ ಸಹಿ ಹಾಕುವ ಮೊದಲೇ ತೆರಿಗೆ ಸಲಹೆಗಾರರ ಬಳಿ ಹಳೆಯ ಬಾಕಿ ಸರಿಪಡಿಸಿಕೊಳ್ಳಿ.

ಅಪ್ಪ-ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ದುಡ್ಡು 'ವಿದೇಶಿ ಪ್ರಜೆಗೆ ಆರ್ಥಿಕ ನೆರವು'. ಅವರಿಗೆ ಗ್ರೀನ್ ಕಾರ್ಡ್ ಸ್ಪಾನ್ಸರ್ ಮಾಡಿದ್ದರೆ ಅದಕ್ಕೆ ಬೇರೆ ಪ್ರಶ್ನೆ ಇದೆ. ಕನ್ನಡ ಕೂಟದ ಪದಾಧಿಕಾರಿಗಳಿಗೆ ಒಂದು ಮಾತು: ಕೂಟದ ಸದಸ್ಯತ್ವ ತೊಂದರೆಯಲ್ಲ, ಅದು ಅಮೆರಿಕದಲ್ಲೇ ನೋಂದಾಯಿತ ಸಂಘ. ಆದರೆ ರಾಜ್ಯೋತ್ಸವಕ್ಕೆ ಕಾನ್ಸುಲೇಟಿನ ಅಧಿಕಾರಿಯನ್ನು ಕರೆಸಿ, ಹಾರ ಹಾಕಿ, ಪಕ್ಕದಲ್ಲಿ ಕೂತು ಊಟ ಮಾಡಿದ್ದರೆ ಅದು ವಿದೇಶಿ ಸರ್ಕಾರದ ಪ್ರತಿನಿಧಿಯೊಡನೆ ಸಂಪರ್ಕ. ವೀಸಾ ಕೆಲಸಕ್ಕೆ ಹೋಗಿಬಂದದ್ದಕ್ಕಷ್ಟೇ ವಿನಾಯಿತಿ.

ಐಟಿಯವರಿಗೆ ಸೆಕ್ಷನ್ 13. ಸಂಬಳ ಕೊಟ್ಟದ್ದು ಒಂದು ಕನ್ಸಲ್ಟೆನ್ಸಿ, ಕೂತು ಕೆಲಸ ಮಾಡಿದ್ದು ಇನ್ನೊಂದು ಕಂಪನಿಯಲ್ಲಿ. ಉದ್ಯೋಗದಾತ ಎಂದರೆ ಸಂಬಳ ಕೊಟ್ಟವರು. ಕೆಲಸದ ಜಾಗ ಬೇರೆ ಎಂದು ಹೇಳಲು ಅಲ್ಲೇ ಜಾಗವಿದೆ. ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿ ಕೂತ ಎರಡು ತಿಂಗಳನ್ನು ಮುಚ್ಚಬೇಡಿ. ಹಳೆಯ ರೆಸ್ಯೂಮಿನಲ್ಲಿ ಯಾರೋ ಸೇರಿಸಿದ ಇಲ್ಲದ ಅನುಭವ ಇದ್ದರೆ, ಅದು ಫಾರ್ಮಿಗೆ ನುಸುಳಬಾರದು. ಸುಳ್ಳು ಹೇಳಿಕೆಗೆ ಐದು ವರ್ಷದವರೆಗೆ ಜೈಲು ಎಂದು ಫಾರ್ಮಿನ ಆರಂಭದಲ್ಲೇ ಇದೆ.

ಉಳಿದವು ಬೇಗ ಮುಗಿಯುತ್ತವೆ. ಮದ್ಯ, ಡ್ರಗ್ಸ್ ಸೇರದ ಟ್ರಾಫಿಕ್ ದಂಡ 300 ಡಾಲರಿಗಿಂತ ಕಡಿಮೆ ಇದ್ದರೆ ಬರೆಯಬೇಕಿಲ್ಲ. ಗಾಂಜಾ ನಿಮ್ಮ ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಕೇಂದ್ರದ ಕಾನೂನಿನಲ್ಲಿ ಅಲ್ಲ, ಗಾಂಜಾ ಸೇರಿಸಿದ ಗಮ್ಮಿ ಮಿಠಾಯಿ ತಿಂದದ್ದೂ ಲೆಕ್ಕಕ್ಕೆ ಬರುತ್ತದೆ. ಕೌನ್ಸೆಲಿಂಗ್‌ಗೆ ಹೋದ ಒಂದೇ ಕಾರಣಕ್ಕೆ ಕ್ಲಿಯರೆನ್ಸ್ ತಪ್ಪುವುದಿಲ್ಲ. ನಿಯಮದಲ್ಲೇ ಹಾಗೆ ಬರೆದಿದೆ. ಊರಲ್ಲಿ ಜಮೀನಿನ ಜಗಳದಲ್ಲೋ ವರದಕ್ಷಿಣೆ ದೂರಿನಲ್ಲೋ ಮನೆಯವರೆಲ್ಲರ ಹೆಸರು ಎಫ್‌ಐಆರ್‌ಗೆ ಸೇರಿ ನಿಮ್ಮದೂ ಅಲ್ಲಿದ್ದರೆ, ಅದರ ನಕಲು ಮತ್ತು ಕೇಸಿನ ಈಗಿನ ಸ್ಥಿತಿ ಕೈಯಲ್ಲಿಟ್ಟುಕೊಂಡೇ ಸೆಕ್ಷನ್ 22 ತೆರೆಯಿರಿ.

ಇಂಟರ್‌ವ್ಯೂ. ಟಾಪ್ ಸೀಕ್ರೆಟ್‌ಗೆ, ಅಂದರೆ ಟಿಯರ್ 5 ತನಿಖೆಗೆ, ಇದು ಖಚಿತ. ಅದಕ್ಕಿಂತ ಕೆಳಗಿನ ಮಟ್ಟವಾದ ಸೀಕ್ರೆಟ್‌ನ ಟಿಯರ್ 3ಕ್ಕೆ ಏನಾದರೂ ಕೆದಕಬೇಕೆನಿಸಿದಾಗ ಕರೆಯುತ್ತಾರೆ. ಬರುವ ಇನ್ವೆಸ್ಟಿಗೇಟರ್ ಸರ್ಕಾರಿ ನೌಕರರಿರಬಹುದು, ಗುತ್ತಿಗೆಯವರಿರಬಹುದು. ಮೊದಲು ಗುರುತುಪತ್ರ ತೋರಿಸುತ್ತಾರೆ, ತೋರಿಸದಿದ್ದರೆ ಕೇಳಿ. ನೀವು ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪೌರತ್ವ ಪತ್ರ, ನಿಮ್ಮ ಫಾರ್ಮಿನ ಪ್ರತಿ ಇಟ್ಟುಕೊಂಡಿರಿ. ಒಂದು ಗಂಟೆಯಲ್ಲೂ ಮುಗಿಯುತ್ತದೆ, ಊರಿನ ನಂಟು ಹೆಚ್ಚಿದ್ದರೆ ಮೂರು-ನಾಲ್ಕು ಗಂಟೆಯೂ ಆಗುತ್ತದೆ. ಫಾರ್ಮನ್ನು ಸಾಲುಸಾಲಾಗಿ ಮತ್ತೆ ಓದಿಸಿಕೊಂಡು ಹೋಗುವುದೇ ಇದರ ಮುಖ್ಯ ಭಾಗ. ಸಿನಿಮಾದಲ್ಲಿ ಕಾಣುವ ದೀಪ, ಮೇಜು ಬಡಿಯುವುದು ಇಲ್ಲಿಲ್ಲ. ಸುಳ್ಳು ಪತ್ತೆ ಯಂತ್ರವೂ ಸಿಐಎ, ಎನ್‌ಎಸ್‌ಎಯಂಥ ಕಡೆ ಮತ್ತು ಕೆಲವು ವಿಶೇಷ ಹುದ್ದೆಗಳಿಗೆ ಮಾತ್ರ. ಮಾತು ಸಭ್ಯ, ಪ್ರಶ್ನೆ ನೇರ, ನೆನಪಿಲ್ಲ ಎಂದರೆ ಬೈಯುವುದಿಲ್ಲ. ನಾಲ್ಕು ಅಂಕ ಇದಕ್ಕೇ.

ನಮ್ಮವರು ಇಲ್ಲಿ ಎಡವುವುದು ಭಾಷೆಯಲ್ಲಿ. ದೊಡ್ಡಪ್ಪನ ಮಗ ನಮಗೆ ಅಣ್ಣ. ಫಾರ್ಮಿನಲ್ಲಿ ಒಬ್ಬನೇ ಸಹೋದರ ಎಂದು ಬರೆದು, ಇಂಟರ್‌ವ್ಯೂನಲ್ಲಿ 'ದಾವಣಗೆರೆಯಲ್ಲಿರುವ ನನ್ನ ಬ್ರದರ್', 'ಪುಣೆಯಲ್ಲಿರುವ ಬ್ರದರ್' ಎಂದು ಸಹಜವಾಗಿ ಹೇಳುತ್ತ ಹೋದರೆ, ಎದುರಿನವರ ನೋಟ್‌ಬುಕ್ಕಿನಲ್ಲಿ ಮುಚ್ಚಿಟ್ಟ ಇಬ್ಬರು ಸಹೋದರರು ಹುಟ್ಟಿರುತ್ತಾರೆ. 'ಕಸಿನ್ ಬ್ರದರ್' ಎಂದರೂ ಗೊಂದಲವೇ. ಕಸಿನ್ ಎಂದಷ್ಟೇ ಹೇಳಿ. 'ಅಂಕಲ್' ಎಂದರೆ ರಕ್ತಸಂಬಂಧಿಯೋ ಪಕ್ಕದ ಮನೆಯವರೋ ಸ್ಪಷ್ಟಪಡಿಸಿ. ಇನ್ನೊಂದು, ತಲೆಯಾಡಿಸುವುದು. ಹೌದೂ ಅಲ್ಲದ ಇಲ್ಲವೂ ಅಲ್ಲದ ನಮ್ಮ ಆ ಓಲಾಟವನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ, ವಿಡಿಯೋ ಕರೆಯಲ್ಲಂತೂ ಕೇಳಲೇಬೇಡಿ. ಬಾಯಿಬಿಟ್ಟು ಹೌದು, ಇಲ್ಲ ಅನ್ನಿ.

ಫಾರ್ಮಿನಲ್ಲಿ ತಪ್ಪು ಕಂಡಿದ್ದರೆ ಪ್ರಶ್ನೆ ಬರುವ ಮೊದಲೇ, ಕೂತ ಕೂಡಲೇ ಹೇಳಿ. ತಾವಾಗಿ, ಬೇಗ ತಿದ್ದಿಕೊಂಡದ್ದು ಪರವಾಗಿ ಎಣಿಕೆಯಾಗುತ್ತದೆ. ಕೇಳಿದ ಮೇಲೆ ಒಪ್ಪಿಕೊಂಡದ್ದಕ್ಕೆ ಆ ಬೆಲೆ ಇಲ್ಲ. ನಿಮ್ಮ ಬಗ್ಗೆ ನೆರೆಹೊರೆ, ಸಹೋದ್ಯೋಗಿಗಳನ್ನೂ ಕೇಳುತ್ತಾರೆ. ನಿಮ್ಮನ್ನು ಚೆನ್ನಾಗಿ ಬಲ್ಲವರೆಂದು ಸೆಕ್ಷನ್ 16ರಲ್ಲಿ ಕೊಡುವ ಮೂವರೂ ಕನ್ನಡ ಕೂಟದ ಒಂದೇ ಪಂಕ್ತಿಯವರಾಗುವುದು ಬೇಡ. ಆಫೀಸಿನವರೊಬ್ಬರು, ನೆರೆಯವರೊಬ್ಬರು ಇರಲಿ. ಹೆಸರು ಕೊಟ್ಟವರಿಗೆ ಮೊದಲೇ ತಿಳಿಸಿಡಿ, ಗೊತ್ತಿಲ್ಲದ ನಂಬರಿನ ಫೋನ್ ಎತ್ತದೆ ತನಿಖೆ ವಾರಗಟ್ಟಲೆ ನಿಲ್ಲುವುದುಂಟು.

ಇಂಟರ್‌ವ್ಯೂ ಮಾಡಿದವರು ತೀರ್ಪು ಕೊಡುವುದಿಲ್ಲ. ಅವರು ವರದಿ ಬರೆಯುತ್ತಾರೆ. ನಿರ್ಧರಿಸುವವರು ನಿಮ್ಮನ್ನು ನೋಡೇ ಇರದ ಅಡ್ಜುಡಿಕೇಟರ್, 2017ರಿಂದ ಜಾರಿಯಲ್ಲಿರುವ 13 ಮಾರ್ಗಸೂಚಿಗಳ ಆಧಾರದಲ್ಲಿ. ಅಂದರೆ ನಿಮ್ಮ ಪರವಾಗಿ ಮಾತಾಡುವುದು ಕಾಗದ ಮಾತ್ರ, ಕಾಮೆಂಟ್ ಜಾಗದ ಆ ನಾಲ್ಕು ಸಾಲಿಗೆ ಬೆಲೆ ಬರುವುದು ಇಲ್ಲಿ. ರಕ್ಷಣಾ ಇಲಾಖೆಯ ಈ ಕೆಲಸವೆಲ್ಲ 2019ರಿಂದ ಡಿಸಿಎಸ್‌ಎ ಎಂಬ ಸಂಸ್ಥೆಯ ಕೈಯಲ್ಲಿದೆ. ಅಲ್ಲಿಗೆ ಅಭ್ಯರ್ಥಿ ಫೋನ್ ಮಾಡಿ ಸ್ಥಿತಿ ಕೇಳುವ ದಾರಿ ಇಲ್ಲ, ಎಫ್‌ಎಸ್‌ಒ ಮೂಲಕವೇ ಕೇಳಬೇಕು. ಅವರ ಪರದೆಯಲ್ಲೂ ಕಾಣುವುದು ಒಂದೆರಡು ಪದ. ಸಕಾಲದ ಕೌಂಟರಿನಲ್ಲಿ ಅರ್ಜಿ ಸಂಖ್ಯೆ ಹಾಕಿ ನೋಡಿ ಅಭ್ಯಾಸವಿರುವವರಿಗೆ ಇದು ನರಕ. ತನಿಖೆ ಮುಗಿಯುವ ಮೊದಲೇ ಕೊಡುವ ಮಧ್ಯಂತರ ಕ್ಲಿಯರೆನ್ಸ್ ಬೇಗ ಸಿಗಬಹುದು. ಊರಲ್ಲಿ ನಂಟಸ್ತಿಕೆ ಇರುವವರಿಗೆ ಅದು ತಪ್ಪಿಹೋಗುವುದು ಹೆಚ್ಚು, ಅದನ್ನೇ ತಿರಸ್ಕಾರ ಎಂದುಕೊಂಡು ಆಫರ್ ಬಿಡಬೇಡಿ.

ನಿಜವಾದ ತಿರಸ್ಕಾರದ ಮೊದಲ ಹೆಜ್ಜೆ ಸ್ಟೇಟ್‌ಮೆಂಟ್ ಆಫ್ ರೀಸನ್ಸ್ ಎಂಬ ಪತ್ರ. ಗುತ್ತಿಗೆ ಕಂಪನಿಯವರಾದರೆ ಉತ್ತರಕ್ಕೆ 20 ದಿನ, ವಿಚಾರಣೆ ಡೋಹಾ ಎಂಬ, ರಕ್ಷಣಾ ಇಲಾಖೆಯದೇ ವಿಚಾರಣೆ-ಮೇಲ್ಮನವಿ ಕಚೇರಿಯ ನ್ಯಾಯಾಧೀಶರ ಮುಂದೆ. ಇಡೀ ವ್ಯವಸ್ಥೆಯ ಅತ್ಯುತ್ತಮ ಅಂಗ ಇದೇ ಎನ್ನಬೇಕು: ಇಲ್ಲಿಯ ತೀರ್ಪುಗಳು ಹೆಸರು ಅಳಿಸಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಭಾರತದಲ್ಲಿ ಬಂಧುಗಳಿರುವವರ ಪ್ರಕರಣಗಳನ್ನು ಹುಡುಕಿ ಓದಿ. ಕೊಟ್ಟದ್ದೂ ಇದೆ, ಕೊಡದ್ದೂ ಇದೆ. ಬಂಧುಗಳು ಅಲ್ಲಿರುವುದಕ್ಕಿಂತ ಅವರ ಉದ್ಯೋಗ, ಭಾರತದ ಆಸ್ತಿಗೂ ಅಮೆರಿಕದ ಆಸ್ತಿಗೂ ಇರುವ ಪ್ರಮಾಣ, ಅಮೆರಿಕದಲ್ಲಿ ಬೇರು ಎಷ್ಟು ಇಳಿದಿದೆ, ಹೇಳಿದ್ದರಲ್ಲಿ ಏನಾದರೂ ಬಚ್ಚಿಟ್ಟಿದೆಯೇ, ಇವೇ ತೂಗುವ ಬಟ್ಟುಗಳು.

ಗೋಪ್ಯತೆಯ ವಿಷಯಕ್ಕೆ ಅಂಕ ಕೊಡುವುದೇ ಬೇಡ. ಈ ದಾಖಲೆಗಳನ್ನು ಆಗ ಇಟ್ಟುಕೊಂಡಿದ್ದ ಒಪಿಎಂ ಎಂಬ ಸರ್ಕಾರಿ ಕಚೇರಿಯಲ್ಲಿ ನಡೆದು 2015ರಲ್ಲಿ ಬಯಲಾದ ಕಂಪ್ಯೂಟರ್ ಕಳ್ಳತನದಲ್ಲಿ 2.15 ಕೋಟಿ ಜನರ ತನಿಖಾ ದಾಖಲೆ, 56 ಲಕ್ಷ ಜನರ ಬೆರಳಚ್ಚು ಹೋಗಿತ್ತು. ಆಮೇಲೆ ಸಂಸ್ಥೆ ಬದಲಾಯಿತು, ವೆಬ್‌ಸೈಟ್ ಬದಲಾಯಿತು. ನೀವು ತುಂಬುವುದು ನಿಮ್ಮ ವಿವರ ಮಾತ್ರವಲ್ಲ, ಧಾರವಾಡದ ಅಕ್ಕನ ವಿಳಾಸವನ್ನೂ ಎಂಬುದು ನೆನಪಿರಲಿ.

ಕ್ಲಿಯರೆನ್ಸ್ ಬಂದ ಮೇಲೆ ಮೊದಲಿದ್ದ ಐದು, ಹತ್ತು ವರ್ಷಕ್ಕೊಮ್ಮೆ ಮರುತನಿಖೆಯ ಜಾಗದಲ್ಲಿ ಈಗ ನಿರಂತರ ನಿಗಾ ಇದೆ. ಊರಿಗೆ ಹೋಗುವ ಪ್ರತಿ ಪ್ರವಾಸವನ್ನೂ ಮುಂಚೆ ತಿಳಿಸಿ ಒಪ್ಪಿಗೆ ಪಡೆಯಬೇಕು: ದಿನಾಂಕ, ವಿಮಾನ, ಇಳಿಯುವ ಮನೆ, ಜೊತೆಯಲ್ಲಿ ಯಾರು. ಮದುವೆ ಮುಂಜಿಗಾದರೆ ಟಿಕೆಟ್ ತೆಗೆದ ದಿನವೇ ಎಫ್‌ಎಸ್‌ಒಗೆ ಮೇಲ್ ಹಾಕಿಬಿಡಿ. ಕಷ್ಟವಾಗುವುದು ರಾತ್ರಿ ಎರಡು ಗಂಟೆಗೆ ಊರಿಂದ ಫೋನ್ ಬಂದು ಬೆಳಗಿನ ವಿಮಾನ ಹಿಡಿಯಬೇಕಾದಾಗ. ಅದಕ್ಕೂ ನಿಯಮದಲ್ಲಿ ದಾರಿ ಇದೆ: ಹೊರಡುವ ಮುನ್ನ ಮೇಲಧಿಕಾರಿಗೆ ಬಾಯಿಮಾತಿನಲ್ಲಾದರೂ ತಿಳಿಸಬೇಕು, ಹಿಂದಿರುಗಿದ ಐದು ಕೆಲಸದ ದಿನಗಳೊಳಗೆ ಪೂರ್ತಿ ವಿವರ ಕೊಡಬೇಕು. ಎಫ್‌ಎಸ್‌ಒ ನಂಬರನ್ನು ಫೋನಿನಲ್ಲಿ ಇವತ್ತೇ ಉಳಿಸಿಕೊಳ್ಳಿ.